ಕೋಳಿ ಸಾಕಣೆ ಪ್ರಶ್ನೋತ್ತರ: ಕಡಕನಾಥ್ ತಳಿಗೆ ಹುಂಜ, ಹ್ಯಾಟೆ ಆರಿಸುವುದು ಹೇಗೆ?

ಪ್ರಶ್ನೆ: ಕಡಕನಾಥ್ (ಚರ್ಮ, ಮಾಂಸವೂ ಕಪ್ಪಗಿರುವ ಕೋಳಿ ತಳಿ) ಎಂದು ಹೇಳಿ ಕೊಟ್ಟ 40 ಮರಿ ತಂದು ಬೆಳೆಸಿದ್ದೇವೆ. ಈಗ ಆರು ತಿಂಗಳಾಗಿದೆ. ಹ್ಯಾಟೆಗಳೆಲ್ಲ ಕಾಡಿಗೆಯಂತೆ ಕಪ್ಪಗಿವೆ. ಹುಂಜಗಳ ಜುಟ್ಟು ಮಾತ್ರ ಕೆಂಪು, ಚರ್ಮ ಬಿಳಿಚು. ಹ್ಯಾಟೆಗಳನ್ನು ಉಳಿಸಿಕೊಂಡು ಬೇರೆ ಕಡೆಯಿಂದ ಒಳ್ಳೆಯ ಹುಂಜ ತಂದರೆ ತಳಿ ಮಾಡಬಹುದೇ?
– ಚಳ್ಳಕೆರೆ ತಾಲ್ಲೂಕಿನ ಓದುಗರು

ಉತ್ತರ: ಬೇಡ. ನಿಮ್ಮ ಹ್ಯಾಟೆಗಳೂ ಬೆರಕೆಯೇ, ಅವುಗಳ ಒಡಹುಟ್ಟಿದ ಹುಂಜಗಳೇ ಸಾಕ್ಷಿ. ಚರ್ಮಕ್ಕೆ ಕಪ್ಪು ತರುವ ಗುಣ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು. ಆದರೆ ಬಿಳಿ ಅಥವಾ ಹಳದಿ ಕಾಲಿನ ಕೋಳಿಗಳಲ್ಲಿ ಈ ಕಪ್ಪನ್ನು ತಡೆಯುವ ಇನ್ನೊಂದು ಗುಣವಿರುತ್ತದೆ; ಅದು ಗಂಡೋ ಹೆಣ್ಣೋ ಎಂದು ನಿರ್ಧರಿಸುವ ಲಿಂಗ ವರ್ಣತಂತುವಿನ (ಕ್ರೋಮೋಸೋಮ್) ಮೇಲೆ ಕೂತಿದೆ. ತಾಯಿ ಅದನ್ನು ಗಂಡುಮರಿಗೆ ಮಾತ್ರ ದಾಟಿಸುತ್ತಾಳೆ. ಹಾಗಾಗಿ ಕಡಕನಾಥ್ ಹುಂಜವನ್ನು ಬಿಳಿಕಾಲಿನ ಹ್ಯಾಟೆಗೆ ಬಿಟ್ಟರೆ ಹೆಣ್ಣುಮರಿಗಳು ಕಪ್ಪಾಗುತ್ತವೆ, ಗಂಡುಮರಿಗಳು ಬಿಳಿಚಿಕೊಳ್ಳುತ್ತವೆ. ನಿಮಗೆ ಬಂದಿರುವುದು ಅಂಥ ಮರಿಗಳೇ. ಮರಿ ಕೊಳ್ಳುವವರು ಹ್ಯಾಟೆಯ ಬಣ್ಣ ನೋಡಿ ಮೋಸಹೋಗುವುದು ಇಲ್ಲೇ. ಮೊದಲು ಗುಂಪಿನ ಹುಂಜಗಳನ್ನು ತೋರಿಸಲು ಕೇಳಿ.

ಹೊಸದಾಗಿ ತರುವ ಹುಂಜದ ಬಗ್ಗೆ ಅನುಮಾನವಿದ್ದರೆ ಒಂದು ಪರೀಕ್ಷೆಯಿದೆ. ಅದನ್ನು ಬಿಳಿ ಚರ್ಮದ ಮಾಮೂಲಿ ಹ್ಯಾಟೆಯ ಜೊತೆ ಬೇರೆ ಗೂಡಿನಲ್ಲಿ ಬಿಟ್ಟು ಮರಿ ಮಾಡಿಸಿ. ಹೆಣ್ಣುಮರಿಗಳು ಏಳಾದರೂ ಇರಲಿ. ಏಳೂ ಕಪ್ಪಾದರೆ ಬಣ್ಣದ ಮಟ್ಟಿಗೆ ಹುಂಜ ಶುದ್ಧ. ಬೆರಕೆ ಹುಂಜ ಇದನ್ನು ದಾಟುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಒಂದೇ ಒಂದು ಬಿಳಿಚು ಹೆಣ್ಣುಮರಿ ಬಂದರೂ ಹುಂಜವನ್ನು ಬಿಡಿ. ಈ ಪರೀಕ್ಷೆಯ ಮರಿಗಳು ಮಾಂಸಕ್ಕೆ ಮಾತ್ರ. ಅವುಗಳನ್ನು ಕಡಕನಾಥ್ ಎಂದು ಯಾರಿಗೂ ಕೊಡಬೇಡಿ.

ಪ್ರಶ್ನೆ: ಹುಂಜ, ಹ್ಯಾಟೆಗಳನ್ನು ಕೈಯಲ್ಲಿ ಹಿಡಿದು ಏನೇನು ನೋಡಬೇಕು?
– ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ಪುಕ್ಕದ ಕಪ್ಪನ್ನು ನಂಬಬೇಡಿ. ಕಪ್ಪು ಪುಕ್ಕದ ನಾಟಿಕೋಳಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಡಕನಾಥ್‌ನಲ್ಲೇ ಅಚ್ಚ ಕಪ್ಪು, ಗೆರೆಬಣ್ಣ, ಚಿನ್ನದ ಬಣ್ಣ ಎಂದು ಮೂರು ಬಗೆ. ಬಾಯಿ ಬಿಡಿಸಿ ನಾಲಿಗೆ, ಅಂಗುಳ ನೋಡಿ. ರೆಕ್ಕೆ ಎತ್ತಿ ಕಂಕುಳಿನ ಚರ್ಮ ನೋಡಿ, ಗುದದ ಸುತ್ತ ಪುಕ್ಕ ಸರಿಸಿ ನೋಡಿ. ಎಲ್ಲೂ ಗುಲಾಬಿ ಅಥವಾ ಹಳದಿ ಮಚ್ಚೆ ಇರಬಾರದು. ಮೊಟ್ಟೆ ಕಪ್ಪಿರುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ತಿಳಿ ಕಂದು.

ಆಮೇಲೆ ತೂಕ. ಬೆಳೆದ ಹುಂಜ 1.5ರಿಂದ 2 ಕೆ.ಜಿ., ಹ್ಯಾಟೆ 1ರಿಂದ 1.5 ಕೆ.ಜಿ. ಅದಕ್ಕಿಂತ ಬಹಳ ದಪ್ಪ ಹುಂಜ ಕಂಡಾಗ ಆಸೆಯಾಗುವುದು ಸಹಜ, ಆದರೆ ಅಲ್ಲಿ ಬೇರೆ ತಳಿಯ ರಕ್ತ ಸೇರಿರಬಹುದು. ಎದೆಮೂಳೆ ನೆಟ್ಟಗಿರಲಿ. ಓರೆ ಕೊಕ್ಕು, ಸೊಟ್ಟ ಬೆರಳು ಇದ್ದರೆ ಎಷ್ಟೇ ಕಪ್ಪಗಿದ್ದರೂ ಬೇಡ.

ಹ್ಯಾಟೆಯ ಗುದದ ಎರಡು ಬದಿಯ ಚೂಪು ಮೂಳೆಗಳ ನಡುವೆ ಎರಡು ಬೆರಳು ಸಲೀಸಾಗಿ ಹಿಡಿಸಿದರೆ ಮೊಟ್ಟೆಗೆ ಬಂದಿದೆ ಎಂದರ್ಥ. ಈ ತಳಿ ಮೊಟ್ಟೆ ಶುರು ಮಾಡುವುದು ಸುಮಾರು ಆರು ತಿಂಗಳಿಗೆ. ಮೊದಲ ಮೊಟ್ಟೆಗಳು ಸಣ್ಣವು, ಮರಿಯೂ ಸೊರಗಿರುತ್ತದೆ. ಎಂಟು ತಿಂಗಳು ದಾಟಿದ ಮೇಲೆ ಕಾವಿಗೆ ಇಡಿ. ತಳಿಗೆ ಬಿಡುವ ಮುಂಚೆ ಪಶು ಆಸ್ಪತ್ರೆಯಲ್ಲಿ ಪುಲ್ಲೋರಂ ರೋಗದ ರಕ್ತಪರೀಕ್ಷೆ ಕೇಳಿ. ಅದು ಮೊಟ್ಟೆಯ ಮೂಲಕವೇ ಮರಿಗೆ ಇಳಿಯುವ ಬಿಳಿ ಭೇದಿ.

ಪ್ರಶ್ನೆ: 20 ಹ್ಯಾಟೆಗೆ ಒಂದೇ ಹುಂಜ ಸಾಲದೇ?
– ಹೊಳಲ್ಕೆರೆ ತಾಲ್ಲೂಕಿನ ಓದುಗರು

ಉತ್ತರ: ಸಾಲದು. ಒಂದು ಹುಂಜಕ್ಕೆ 8ರಿಂದ 10 ಹ್ಯಾಟೆ ಮಿತಿ, ಮೀರಿದರೆ ಬರಡು ಮೊಟ್ಟೆ ಹೆಚ್ಚುತ್ತವೆ. ಅದಕ್ಕಿಂತ ದೊಡ್ಡ ಕಷ್ಟ ರಕ್ತಸಂಬಂಧದ್ದು: ಒಂದೇ ಹುಂಜವಿದ್ದರೆ ಮುಂದಿನ ಪೀಳಿಗೆಯೆಲ್ಲ ಅಣ್ಣತಂಗಿಯರೇ. ಎರಡು ಮೂರು ಪೀಳಿಗೆಯಲ್ಲಿ ಮರಿ ಮೊಟ್ಟೆಯೊಳಗೇ ಸಾಯತೊಡಗುತ್ತದೆ. ಬೇರೆ ಬೇರೆ ಮೂಲದ ನಾಲ್ಕು ಹುಂಜ ತಂದು, ಐದೈದು ಹ್ಯಾಟೆಯ ನಾಲ್ಕು ಗೂಡು ಮಾಡಿ. ಪ್ರತಿ ಗೂಡಿಗೂ ಒಂದೊಂದು ಬಣ್ಣದ ಕಾಲುಂಗುರ ಹಾಕಿ. ಹೆಣ್ಣುಮರಿ ತಾಯಿಯ ಗೂಡಿನಲ್ಲೇ ಉಳಿಯಲಿ, ಗಂಡುಮರಿ ಪಕ್ಕದ ಗೂಡಿಗೆ ಹೋಗಲಿ: ಒಂದರದ್ದು ಎರಡಕ್ಕೆ, ಎರಡರದ್ದು ಮೂರಕ್ಕೆ, ನಾಲ್ಕರದ್ದು ಒಂದಕ್ಕೆ. ಹುಂಜ ಬದಲಿಸಿದ ಮೇಲೆ ಮೂರು ವಾರದ ಮೊಟ್ಟೆ ಅಡುಗೆಗೆ ಬಳಸಿ. ಹಳೆಯ ಹುಂಜದ ಬೀಜ ಹ್ಯಾಟೆಯ ಹೊಟ್ಟೆಯಲ್ಲಿ ಎರಡು ವಾರಕ್ಕೂ ಮೀರಿ ಉಳಿಯುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಮರಿ ಆಗುವುದು ಕಡಿಮೆ. ಹುಂಜದ ದೋಷವೇ?
– ದಾವಣಗೆರೆ ತಾಲ್ಲೂಕಿನ ಓದುಗರು

ಉತ್ತರ: ಕಾವಿಗೆ ಇಟ್ಟ ಏಳನೇ ದಿನ ಕತ್ತಲೆಯಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದು ನೋಡಿ. ಒಳಗೆ ಏನೂ ಕಾಣದೆ ತಿಳಿಯಾಗಿದ್ದರೆ ಬರಡು ಮೊಟ್ಟೆ, ಹುಂಜವನ್ನೋ ಬಿಸಿಲಿನ ಝಳವನ್ನೋ ಅನುಮಾನಿಸಬಹುದು. ರಕ್ತದ ಉಂಗುರ ಕಂಡರೆ ಜೀವ ಹಿಡಿದು ಸತ್ತಿದೆ. ಮಾರ್ಚ್‌–ಮೇನಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ, ಕಾವಿಗೆ ಇಡುವ ಮುಂಚೆಯೇ ಮೊಟ್ಟೆಯೊಳಗಿನ ಜೀವ ಕೋಣೆಯ ಸೆಕೆಗೆ ಅರ್ಧಂಬರ್ಧ ಬೆಳೆಯತೊಡಗಿ ನಿಲ್ಲುವುದು. ದಿನಕ್ಕೆ ಮೂರು ನಾಲ್ಕು ಸಲ ಮೊಟ್ಟೆ ತೆಗೆದು, ಚೂಪು ತುದಿ ಕೆಳಗೆ ಮಾಡಿ ತಂಪಾದ ಜಾಗದಲ್ಲಿಡಿ. 15–18 ಡಿಗ್ರಿ ಸಿಕ್ಕರೆ ಏಳು ದಿನ ಇಡಬಹುದು, ಇಲ್ಲದಿದ್ದರೆ ಮೂರು ದಿನಕ್ಕೇ ಕಾವಿಗೆ ಹಾಕಿ. ಕಡಕನಾಥ್ ಹ್ಯಾಟೆ ಕಾವಿಗೆ ಕೂರುವುದು ಅಪರೂಪ, ನಾಟಿ ಹ್ಯಾಟೆಯ ಕೆಳಗಿಡಿ.