ದೇವಿಮನೆ ಘಟ್ಟ ಇಳಿಯುವಾಗ ಲಿವರ್ ‘ಡಿ’ಯಲ್ಲೇ ಇರಬೇಕೇ?

ಪ್ರಶ್ನೆ: ಹೊಸದಾಗಿ ಆಟೊಮ್ಯಾಟಿಕ್ ಕಾರು ತಗೊಂಡಿದ್ದೇವೆ. ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ‘ಡಿ’ (ಡ್ರೈವ್)ಯಲ್ಲೇ ಇಳಿದರೆ ಬ್ರೇಕ್ ಒತ್ತಿ ಒತ್ತಿ ಸುಟ್ಟ ವಾಸನೆ ಬರುತ್ತದೆ. ‘ಎನ್’ಗೆ (ನ್ಯೂಟ್ರಲ್) ಹಾಕಿದರೆ ಪೆಟ್ರೋಲ್ ಉಳಿಯುತ್ತದಂತೆ, ನಿಜವೇ? ಮನೆಯೆದುರಿನ ಏರಿನಲ್ಲಿ ನಿಲ್ಲಿಸಿದರೆ ಬೆಳಿಗ್ಗೆ ಲಿವರ್ ‘ಪಿ’ಯಿಂದ (ಪಾರ್ಕ್) ಸುಲಭಕ್ಕೆ ಬರುವುದಿಲ್ಲ.
– ಓದುಗರು, ಶಿರಸಿ

ಉತ್ತರ: ಇಳಿಜಾರಿನಲ್ಲಿ ‘ಎನ್’ಗೆ ಯಾವ ಕಾರಣಕ್ಕೂ ಹಾಕಬೇಡಿ. ಎಂಜಿನ್ನಿನ ತಡೆ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಪೆಟ್ರೋಲೂ ಉಳಿಯುವುದಿಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ, ಇಂಜೆಕ್ಟರ್ ಇಂಧನ ನಿಲ್ಲಿಸುತ್ತದೆ. ‘ಎನ್’ನಲ್ಲಿ ಎಂಜಿನ್ ಓಡಲು ಪೆಟ್ರೋಲ್ ಬೇಕೇ ಬೇಕು.

‘ಡಿ’ಯಲ್ಲಿ ನೀವು ಕಾಲು ತೆಗೆದೊಡನೆ ಎಷ್ಟೋ ಗೇರ್‌ಬಾಕ್ಸ್‌ಗಳು ಮೇಲಿನ ಗೇರಿಗೆ ಹೋಗುತ್ತವೆ. ಅಲ್ಲಿ ಎಂಜಿನ್ ತಡೆ ಕಡಿಮೆ. ಅದಕ್ಕೇ ಘಟ್ಟ ಶುರುವಾಗುವ ಮೊದಲೇ ವೇಗ ಇಳಿಸಿ, ಲಿವರ್ ‘ಎಂ’ಗೆ (ಮ್ಯಾನ್ಯುಯಲ್, ಗೇರ್ ನಾವೇ ಆರಿಸುವ ಸ್ಥಾನ) ತಂದು 3ನೇ ಗೇರ್ ಹಿಡಿಯಿರಿ; ಕಡಿದಾದ ತಿರುವುಗಳಿಗೆ 2. ಸಿವಿಟಿ (ಹಂತಹಂತದ ಗೇರುಗಳಿಲ್ಲದ ಆಟೊಮ್ಯಾಟಿಕ್) ಕಾರಾದರೆ ‘ಎಸ್’ (ಸ್ಪೋರ್ಟ್) ಅಥವಾ ‘ಎಲ್’ (ಲೋ). ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) 3000 ದಾಟಿ ಸದ್ದು ಏರಿದರೂ ಪೆಟ್ರೋಲ್ ಎಂಜಿನ್ನಿಗೆ ಏನೂ ಆಗದು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ವಾಸನೆ ಬಂದರೆ ಅಗಲ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡಿ, ಬಿಸಿ ಡಿಸ್ಕಿಗೆ ನೀರು ಸುರಿಯಬೇಡಿ. ಬ್ರೇಕ್ ಆಯಿಲ್ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಬೇಗ ಕುದಿದು ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ, ಘಟ್ಟದಲ್ಲಿ ಇದಕ್ಕಿಂತ ಅಪಾಯ ಇನ್ನಿಲ್ಲ. ನಮ್ಮ ಕಡೆಯ ಮಳೆಗೆ 2 ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಇನ್ನು ‘ಪಿ’. ಅದು ಬ್ರೇಕ್ ಅಲ್ಲ. ಗೇರ್‌ಬಾಕ್ಸ್ ಒಳಗಿನ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುವ ಸಣ್ಣ ಕೊಕ್ಕೆ. ಏರಿನಲ್ಲಿ ನೇರ ‘ಪಿ’ಗೆ ಹಾಕಿ ಕಾಲು ಬಿಟ್ಟರೆ ಇಡೀ ಕಾರು ಅದರ ಮೇಲೆ ತೂಗುತ್ತದೆ, ಹಾಗಾಗಿ ಲಿವರ್ ಬಿಗಿ. ಬ್ರೇಕ್ ಒತ್ತಿಕೊಂಡೇ ‘ಎನ್’ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲು ನಿಧಾನ ಸಡಿಲಿಸಿ ಭಾರ ಹ್ಯಾಂಡ್‌ಬ್ರೇಕಿಗೆ ಬರಲಿ, ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ, ಆಮೇಲೆ ಎಂಜಿನ್ ಆರಿಸಿ. ಹೊರಡುವಾಗ ಮೊದಲು ‘ಪಿ’ ತೆಗೆದು ನಂತರ ಹ್ಯಾಂಡ್‌ಬ್ರೇಕ್ ಇಳಿಸಿ.

ಎಎಂಟಿ (ಮಾಮೂಲಿ ಗೇರ್‌ಬಾಕ್ಸಿನ ಕ್ಲಚ್, ಗೇರನ್ನು ಯಂತ್ರವೇ ಬದಲಿಸುವ) ಕಾರುಗಳಲ್ಲಿ ಸಾಮಾನ್ಯವಾಗಿ ‘ಪಿ’ ಇರುವುದಿಲ್ಲ. ಅಂಥವನ್ನು ಮುಖ ಏರಿಗಿದ್ದರೆ ‘ಡಿ’ಯಲ್ಲಿ, ಇಳಿಜಾರಿಗಿದ್ದರೆ ‘ಆರ್’ನಲ್ಲಿ (ರಿವರ್ಸ್), ಬ್ರೇಕ್ ಒತ್ತಿಕೊಂಡೇ ಆಫ್ ಮಾಡಿ. ಹ್ಯಾಂಡ್‌ಬ್ರೇಕ್ ಜೊತೆಗೆ ಚಕ್ರಕ್ಕೊಂದು ಕಲ್ಲೂ ಇರಲಿ.