ಎಲ್‌ಇಡಿ ಫಲಕದ ಬೋರ್ಡ್‌ಗಳನ್ನು ಜೋಡಿಸಲು ಯಾವ ಕನೆಕ್ಟರ್ ಸೂಕ್ತ?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ಡಬ್ಲ್ಯೂಎಸ್2812ಬಿ ಎಂಬ, ಒಂದೇ ಡೇಟಾ ತಂತಿಯಿಂದ ಪ್ರತಿಯೊಂದರ ಬಣ್ಣವನ್ನೂ ಬೇರೆಬೇರೆಯಾಗಿ ನಿಯಂತ್ರಿಸಬಹುದಾದ ಎಲ್‌ಇಡಿಗಳನ್ನು 10 ಮಿ.ಮೀ. ಅಂತರದಲ್ಲಿ ಕೂರಿಸಿದ 8×8ರ ಬೋರ್ಡನ್ನು ನೀವೇ ವಿನ್ಯಾಸ ಮಾಡುತ್ತಿದ್ದೀರಿ. ಅಂಥ ಎಂಟು ಬೋರ್ಡ್‌ಗಳನ್ನು ಮೇಲೆ ನಾಲ್ಕು, ಕೆಳಗೆ ನಾಲ್ಕರಂತೆ ಸೇರಿಸಿ, ಯಕ್ಷಗಾನ ಪ್ರಸಂಗದ ಹೆಸರು ಹರಿದುಹೋಗುವ 16×32ರ ಫಲಕವನ್ನು ಮಾಡಬೇಕೆಂದಿದ್ದೀರಿ. ಆಟ ನಡೆಯುವ ಊರುಗಳಿಗೆ ಅದನ್ನು ವಾಹನದಲ್ಲಿ ಒಯ್ಯಬೇಕು, ಕೆಟ್ಟ ಬೋರ್ಡನ್ನು ಅಲ್ಲೇ ಬಿಚ್ಚಿ ಬದಲಿಸುವಂತಿರಬೇಕು. 5 ವೋಲ್ಟ್, ಡೇಟಾ ಮತ್ತು ಗ್ರೌಂಡ್ ಮೂರನ್ನೂ ಬೋರ್ಡ್‌ನಿಂದ ಬೋರ್ಡ್‌ಗೆ ಬರ್ಗ್ ಸ್ಟ್ರಿಪ್ (ಸಾಲಾಗಿ ನಿಂತ ಸಣ್ಣ ಲೋಹದ ಪಿನ್‌ಗಳ ಪಟ್ಟಿ) ಮೂಲಕವೇ ದಾಟಿಸಬಹುದೇ ಎಂಬುದು ನಿಮ್ಮ ಪ್ರಶ್ನೆ.

ದಾಟಿಸಬಾರದು. ಡೇಟಾಕ್ಕೆ ಲಾಕ್ ಇರುವ ಒಂದು ಸಣ್ಣ ಕನೆಕ್ಟರನ್ನೂ ವಿದ್ಯುತ್ತಿಗೆ ಪ್ರತಿ ಬೋರ್ಡಿಗೂ ಒಂದರಂತೆ ಬೇರೆಯೇ ದಪ್ಪ ಕನೆಕ್ಟರನ್ನೂ ಇಡಿ. ಎರಡನ್ನೂ ಒಂದೇ ಸಾಲಿನ ಪಿನ್‌ಗಳ ಮೇಲೆ ಹೇರುವ ವಿನ್ಯಾಸವನ್ನು ಈಗಲೇ ಕೈಬಿಡಿ. ಅಂದ ಹಾಗೆ, ನೀವು 16 ಸಾಲುಗಳನ್ನು ಆರಿಸಿಕೊಂಡದ್ದು ಬಹಳ ಒಳ್ಳೆಯದಾಯಿತು. 8 ಸಾಲಿನಲ್ಲಿ ಕನ್ನಡದ ಒತ್ತಕ್ಷರಗಳು ಓದಲು ಬರುವಂತೆ ಮೂಡುವುದಿಲ್ಲ.

ಮೊದಲು ಲೆಕ್ಕವನ್ನು ನೋಡೋಣ, ಏಕೆಂದರೆ ಕನೆಕ್ಟರಿನ ಆಯ್ಕೆ ನಿರ್ಧಾರವಾಗುವುದು ಅಲ್ಲಿಯೇ. ಈ ಎಲ್‌ಇಡಿಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ ಬೆಳಗಿದಾಗ ಒಂದೊಂದಕ್ಕೆ 20 ಮಿಲಿಆಂಪಿಯರ್‌ನಂತೆ ಒಟ್ಟು ಸುಮಾರು 60 ಮಿಲಿಆಂಪಿಯರ್ ಬೇಕು. 64 ಎಲ್‌ಇಡಿಗಳ ಒಂದು ಬೋರ್ಡಿಗೆ ಅದು 3.84 ಆಂಪಿಯರ್ ಆಗುತ್ತದೆ, ಎಂಟು ಬೋರ್ಡಿಗೆ 30.7 ಆಂಪಿಯರ್. ನಾಲ್ಕು ಬೋರ್ಡ್‌ಗಳ ಒಂದು ಸಾಲಿಗೆ ಒಂದೇ ತುದಿಯಿಂದ ವಿದ್ಯುತ್ ಕೊಟ್ಟರೆ, ಮೊದಲ ಬೋರ್ಡಿನ ಕನೆಕ್ಟರ್ ತನ್ನದಷ್ಟೇ ಅಲ್ಲದೆ ಮುಂದಿನ ಮೂರರದ್ದನ್ನೂ ಸೇರಿಸಿ 15.4 ಆಂಪಿಯರ್ ಹೊರಬೇಕಾಗುತ್ತದೆ. ಒಳ್ಳೆಯ ತಯಾರಕರ 2.54 ಮಿ.ಮೀ. ಬರ್ಗ್ ಪಿನ್ನಿಗೆ ನಮೂದಿಸುವ ಮಿತಿಯೇ ಸುಮಾರು 3 ಆಂಪಿಯರ್. ಪಿನ್ನು ಮತ್ತು ಸಾಕೆಟ್ ಕೂಡುವ ಜಾಗದ ರೋಧ 20 ಮಿಲಿಓಮ್ ಎಂದಿಟ್ಟುಕೊಂಡರೂ 15.4 ಆಂಪಿಯರ್ ಹರಿದಾಗ ಅಲ್ಲಿ 0.3 ವೋಲ್ಟ್ ಕಳೆದುಹೋಗಿ 4.7 ವಾಟ್ ಶಾಖ ಹುಟ್ಟುತ್ತದೆ. ಕಡಲೆಬೇಳೆಯಷ್ಟು ಗಾತ್ರದ ಪ್ಲಾಸ್ಟಿಕ್ಕಿನೊಳಗೆ ಅಷ್ಟು ಶಾಖ ಹುಟ್ಟಿದರೆ ಅದು ಮೆತ್ತಗಾಗುತ್ತದೆ, ಸಾಕೆಟ್ಟಿನ ಹಿಡಿತ ಸಡಿಲವಾಗುತ್ತದೆ, ಸಡಿಲವಾದಂತೆ ರೋಧ ಇನ್ನೂ ಏರುತ್ತದೆ. ಐದಾರು ಪಿನ್‌ಗಳನ್ನು ಸಮಾನಾಂತರವಾಗಿ ಕೊಟ್ಟರೆ ಆಗದೇ ಎಂದು ನೀವು ಕೇಳಬಹುದು. ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಎಲ್ಲ ಪಿನ್‌ಗಳೂ ಸಮವಾಗಿ ಹೊರುವುದಿಲ್ಲ, ಚೆನ್ನಾಗಿ ಕೂಡಿರುವ ಪಿನ್ನು ಹೆಚ್ಚು ಹೊರುತ್ತದೆ, ಸಡಿಲವಾದದ್ದು ಕಡಿಮೆ ಹೊರುತ್ತದೆ.

ಪ್ರಸಂಗದ ಹೆಸರನ್ನು ಕೆಂಪು ಬಣ್ಣದಲ್ಲಿ ಮಾತ್ರ ತೋರಿಸಿದರೆ, ಒಮ್ಮೆಗೆ ಕಾಲು ಭಾಗದಷ್ಟು ಎಲ್‌ಇಡಿಗಳು ಬೆಳಗುತ್ತವೆ ಎಂದು ಹಿಡಿದರೆ, ಇಡೀ ಫಲಕಕ್ಕೆ ಬೇಕಾಗುವುದು ಎರಡೂವರೆ ಆಂಪಿಯರ್ ಮಾತ್ರ ಎಂಬುದೂ ನಿಜ. ಈ ಎಲ್‌ಇಡಿಗಳನ್ನು ನಡೆಸಲು ಬಳಸುವ ಫಾಸ್ಟ್‌ಎಲ್‌ಇಡಿ ಎಂಬ ಪ್ರೋಗ್ರಾಮ್ ಲೈಬ್ರರಿಯಲ್ಲಿ ಒಟ್ಟು ವಿದ್ಯುತ್ತಿಗೆ ಮಿತಿ ಹಾಕುವ ಸೌಲಭ್ಯವೂ ಇದೆ, ಅದನ್ನು ಖಂಡಿತ ಬಳಸಿ. ಆದರೂ ಕನೆಕ್ಟರನ್ನು ಆ ಭರವಸೆಯ ಮೇಲೆ ಆರಿಸಬೇಡಿ. ಡೇಟಾ ತಂತಿ ಅಲುಗಾಡಿ ಕೆಟ್ಟ ಸಂಕೇತ ಹೋದಾಗ ಈ ಎಲ್‌ಇಡಿಗಳು ಮನಬಂದ ಬಣ್ಣಕ್ಕೆ, ಕೆಲವೊಮ್ಮೆ ಪೂರ್ತಿ ಬಿಳಿಗೆ ತಿರುಗುತ್ತವೆ, ಮತ್ತು ಆ ಹೊತ್ತಿನಲ್ಲಿ ನಿಮ್ಮ ಪ್ರೋಗ್ರಾಮಿನ ಮಿತಿಗೆ ಅವುಗಳ ಮೇಲೆ ಯಾವ ಹಿಡಿತವೂ ಇರುವುದಿಲ್ಲ.

ಹಾಗಾದರೆ ವಿದ್ಯುತ್ತಿಗೆ ಏನು ಹಾಕಬೇಕು? ನನ್ನ ಆಯ್ಕೆ, ಪಿನ್‌ಗಳ ನಡುವೆ 3.96 ಮಿ.ಮೀ. ಅಂತರವಿರುವ ವಿಎಚ್ ಮಾದರಿಯ ಎರಡು ಪಿನ್ನಿನ ಕನೆಕ್ಟರ್. ಮಾರುಕಟ್ಟೆಯಲ್ಲಿ ಸಿಗುವ ಬಹುಬಣ್ಣದ ಎಲ್‌ಇಡಿ ಪ್ಯಾನೆಲ್‌ಗಳ ಹಿಂಬದಿಯಲ್ಲಿ ವಿದ್ಯುತ್ತಿಗಾಗಿ ಇರುವುದು ಇದೇ ಜಾತಿಯ ನಾಲ್ಕು ಪಿನ್ನಿನದು. ಸಂಕೇತಗಳಿಗೆ ಅಲ್ಲಿ ಚಪ್ಪಟೆ ಪಟ್ಟಿ ತಂತಿಯ (ಎಫ್‌ಆರ್‌ಸಿ) 16 ಪಿನ್ನಿನ ಕನೆಕ್ಟರ್ ಪ್ರತ್ಯೇಕವಾಗಿರುತ್ತದೆ. ನಿಮ್ಮ ಫಲಕದಷ್ಟೇ, ಅಂದರೆ 320×160 ಮಿ.ಮೀ. ಅಳತೆಯ ಪಿ10 (10 ಮಿ.ಮೀ. ಅಂತರದ ಎಲ್‌ಇಡಿಗಳ) ಮಾಡ್ಯೂಲೊಂದು ಅಂಗಡಿಯಲ್ಲಿ ಕಂಡರೆ ಅದರ ಬೆನ್ನನ್ನು ಒಮ್ಮೆ ನೋಡಿ. ಅಲ್ಲಿಯೂ ವಿದ್ಯುತ್ತಿನ ದಾರಿ ಮತ್ತು ಸಂಕೇತದ ದಾರಿ ಬೇರೆ ಬೇರೆಯೇ. ವಿಎಚ್ ಕನೆಕ್ಟರಿಗೆ ದಪ್ಪ ತಂತಿ ಹಾಕಿದಾಗ ಮೂಲ ತಯಾರಕರು ಹೇಳುವ ಮಿತಿ 10 ಆಂಪಿಯರ್. ನಮಗೆ ಅಂಗಡಿಯಲ್ಲಿ ಸಿಗುವುದು ಬಹುಪಾಲು ಅದರ ನಕಲು, ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಹೊರಿಸಬಾರದೆಂಬ ನಿಯಮವನ್ನು ನಾನು ಇಟ್ಟುಕೊಂಡಿದ್ದೇನೆ. ನಿಮ್ಮ 3.84 ಆಂಪಿಯರ್ ಅದರೊಳಗೇ ಬರುತ್ತದೆ.

ಪ್ರತಿ ಬೋರ್ಡಿನ ಈ ಕನೆಕ್ಟರಿನಿಂದ 1 ಚದರ ಮಿ.ಮೀ. ದಪ್ಪದ ಜೋಡಿ ತಂತಿಯನ್ನು ನೇರವಾಗಿ ಒಂದು ವಿತರಣಾ ಪಟ್ಟಿಗೆ ತನ್ನಿ. ಅರ್ಧ ಮೀಟರ್ ತಂತಿಯಲ್ಲಿ ಹೋಗಿ ಬರುವ ದಾರಿ ಸೇರಿ ಸುಮಾರು 0.07 ವೋಲ್ಟ್ ಮಾತ್ರ ಕಳೆಯುತ್ತದೆ, ಅದನ್ನು ಎಲ್‌ಇಡಿಗಳು ಸಹಿಸುತ್ತವೆ. ಆ ಪಟ್ಟಿಯಲ್ಲಿ ಪ್ರತಿ ಬೋರ್ಡಿನ ದಾರಿಗೂ ವಾಹನಗಳಲ್ಲಿ ಬಳಸುವ 5 ಆಂಪಿಯರ್ ಫ್ಯೂಸ್ ಒಂದನ್ನು ಹಾಕುವುದನ್ನು ದಯವಿಟ್ಟು ಬಿಡಬೇಡಿ. 40 ಆಂಪಿಯರ್‌ನ ಎಸ್‌ಎಂಪಿಎಸ್ (ಫಲಕಕ್ಕೆ 5 ವೋಲ್ಟ್ ಒದಗಿಸುವ ವಿದ್ಯುತ್ ಸಾಧನ) ಸಣ್ಣ ಕನೆಕ್ಟರಿನಲ್ಲಿ ಆದ ಅರೆಬರೆ ಶಾರ್ಟನ್ನು ತಪ್ಪೆಂದು ಗುರುತಿಸುವುದೇ ಇಲ್ಲ. ಅದು ಸುಮ್ಮನೆ ವಿದ್ಯುತ್ತನ್ನು ಒದಗಿಸುತ್ತಲೇ ಇರುತ್ತದೆ, ಸುಡುವುದು ನಿಮ್ಮ ತಂತಿ. ವೇಷ ಕಟ್ಟುವ ಚೌಕಿಯ ಪಕ್ಕದಲ್ಲೋ ಚಪ್ಪರದ ಬಟ್ಟೆಯ ಬಳಿಯಲ್ಲೋ ಇಡುವ ವಸ್ತುವಿನಲ್ಲಿ ಆ ಅಪಾಯವನ್ನು ಉಳಿಸಿಕೊಳ್ಳಬಾರದು. ವಿತರಣಾ ಪಟ್ಟಿಯಲ್ಲಿ ಸ್ಕ್ರೂ ಬಿಗಿಯುವ ಟರ್ಮಿನಲ್ ಇದ್ದರೆ ತಂತಿಯ ತುದಿಗೆ ಬೆಸುಗೆ ಹಾಕಿ ಬಿಗಿಯಬೇಡಿ. ಬೆಸುಗೆಯ ತವರ ಒತ್ತಡಕ್ಕೆ ನಿಧಾನವಾಗಿ ಹರಡಿಕೊಂಡು ಕೆಲವು ವಾರಗಳಲ್ಲಿ ಸ್ಕ್ರೂ ಸಡಿಲವಾಗುತ್ತದೆ. ತುದಿಗೆ ಕ್ರಿಂಪ್ ಮಾಡುವ, ಅಂದರೆ ಇಕ್ಕಳದಿಂದ ಒತ್ತಿ ಕೂರಿಸುವ ಲೋಹದ ಲಗ್ ಹಾಕಿ.

ಈಗ ಡೇಟಾ. ಇಲ್ಲಿ ಹರಿಯುವ ವಿದ್ಯುತ್ ತೀರಾ ಅಲ್ಪ, ವೇಗವೂ 800 ಕಿಲೋಹರ್ಟ್ಜ್ ಮಾತ್ರ, ಪ್ರತಿ ಎಲ್‌ಇಡಿಯೂ ಸಂಕೇತವನ್ನು ಹೊಸದಾಗಿ ರೂಪಿಸಿ ಮುಂದಕ್ಕೆ ಕಳುಹಿಸುತ್ತದೆ. ಆದ್ದರಿಂದ ಕನೆಕ್ಟರಿನ ಸಾಮರ್ಥ್ಯ ಇಲ್ಲಿ ಮುಖ್ಯವಾಗುವುದಿಲ್ಲ, ಅದರ ಹಿಡಿತ ಮುಖ್ಯವಾಗುತ್ತದೆ. ಒಂದು ಕಡೆ ಸಂಪರ್ಕ ತಪ್ಪಿದರೆ ಅದರ ನಂತರದ ಬೋರ್ಡ್‌ಗಳೆಲ್ಲ ಕೈಕೊಡುತ್ತವೆ. ಲಾಕ್ ಇಲ್ಲದ ಬರ್ಗ್ ಸ್ಟ್ರಿಪ್ ಮತ್ತು ಜಂಪರ್ ವೈರು ಮೇಜಿನ ಮೇಲಿನ ಪ್ರಯೋಗಕ್ಕೆ ಸರಿ, ಘಟ್ಟದ ರಸ್ತೆಯಲ್ಲಿ ಓಡಾಡುವ ಫಲಕಕ್ಕೆ ಸಲ್ಲವು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಧಾರಾಳವಾಗಿ ಸಿಗುವ 2.54 ಮಿ.ಮೀ. ರಿಲಿಮೇಟ್ ಕನೆಕ್ಟರ್, ಅಥವಾ 2.5 ಮಿ.ಮೀ. ಅಂತರದ ಎಕ್ಸ್‌ಎಚ್ ಮಾದರಿ, ಎರಡರಲ್ಲಿ ಯಾವುದಾದರೂ ಆಗುತ್ತದೆ. ಇವೆರಡರ ಅಂತರ ಒಂದೇ ಅಲ್ಲವೆಂಬುದನ್ನು ಬೋರ್ಡ್ ಚಿತ್ರಿಸುವಾಗ ನೆನಪಿಡಿ. ಮೂರು ಪಿನ್ನಿನಲ್ಲಿ ವ್ಯತ್ಯಾಸ ಗೊತ್ತಾಗದಿದ್ದರೂ ಹತ್ತು ಪಿನ್ನಿನಲ್ಲಿ ಅದು 0.36 ಮಿ.ಮೀ. ಆಗಿ ಕನೆಕ್ಟರ್ ರಂಧ್ರಕ್ಕೆ ಸಲೀಸಾಗಿ ಇಳಿಯುವುದಿಲ್ಲ.

ಪಿನ್‌ಗಳ ಕ್ರಮದ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಡೇಟಾ ಕನೆಕ್ಟರಿನಲ್ಲಿ ಮೂರು ಪಿನ್ ಇರಲಿ. ನಡುವೆ ಡೇಟಾ, ಎರಡೂ ಬದಿಗೆ ಗ್ರೌಂಡ್. 5 ವೋಲ್ಟನ್ನು ಅದರೊಳಗೆ ತರಲೇಬೇಡಿ. ಹೀಗೆ ಮಾಡಿದರೆ, ಕತ್ತಲಲ್ಲಿ ಯಾರಾದರೂ ಬಲವಂತವಾಗಿ ತಿರುಗಿಸಿ ಚುಚ್ಚಿದರೂ ಏನೂ ಸುಡುವುದಿಲ್ಲ, ಗ್ರೌಂಡ್ ಎರಡು ಕಡೆಯಿಂದ ಸಿಗುತ್ತದೆ, ಡೇಟಾ ಹೋದ ದಾರಿಯ ಪಕ್ಕದಲ್ಲೇ ಅದು ಮರಳುವ ದಾರಿಯೂ ಇರುತ್ತದೆ. ಗ್ರೌಂಡ್ ಕಡಿದು ಡೇಟಾ ಮಾತ್ರ ಉಳಿದಾಗ ವಿದ್ಯುತ್ ಡೇಟಾ ಪಿನ್ನಿನ ಮೂಲಕವೇ ದಾರಿ ಹುಡುಕಿಕೊಂಡು ಬೋರ್ಡಿನ ಮೊದಲ ಎಲ್‌ಇಡಿಯನ್ನು ಕೆಡಿಸಬಲ್ಲದು, ಆದ್ದರಿಂದ ಈ ಎರಡನೆಯ ಗ್ರೌಂಡ್ ದುಂದಲ್ಲ. ಬೋರ್ಡ್‌ಗಳನ್ನು ಹಾವಿನ ನಡೆಯಂತೆ ಜೋಡಿಸಿ, ಮೇಲಿನ ಸಾಲಿನ ಕೊನೆಯದರಿಂದ ಅದರ ಕೆಳಗಿನದಕ್ಕೆ ಇಳಿಸಿದರೆ ಎಲ್ಲಿಯೂ ಉದ್ದದ ಡೇಟಾ ತಂತಿ ಬೇಕಾಗುವುದಿಲ್ಲ. ನಿಯಂತ್ರಕ ಇಎಸ್‌ಪಿ32 ಆಗಿದ್ದರೆ ಅದರ 3.3 ವೋಲ್ಟ್ ಸಂಕೇತ ಈ ಎಲ್‌ಇಡಿಗೆ ಬೇಕಾದ 3.5 ವೋಲ್ಟಿಗಿಂತ ಕಡಿಮೆ. ನಡುವೆ, ಸಂಕೇತವನ್ನು 5 ವೋಲ್ಟಿಗೆ ಏರಿಸುವ 74ಎಎಚ್‌ಸಿಟಿ125 ಐಸಿ ಒಂದನ್ನು ಹಾಕಿ. ಕನೆಕ್ಟರಿನದೆಂದು ತಿಳಿದು ಹುಡುಕುವ ಎಷ್ಟೋ ದೋಷಗಳು ಇಲ್ಲಿಯವು.

ತಂತಿಯೇ ಇಲ್ಲದೆ, ಬಾಗಿದ ಬರ್ಗ್ ಪಿನ್ನು ಮತ್ತು ಬಾಗಿದ ಸಾಕೆಟ್ಟಿನಿಂದ ಬೋರ್ಡ್‌ಗಳನ್ನು ಅಂಚಿಗೆ ಅಂಚು ಕೂಡಿಸುವ ಆಸೆ ನಿಮಗಿದೆ ಎಂದು ಬರೆದಿದ್ದೀರಿ. ನೋಡಲು ಚೆನ್ನ. ಒಂದೇ ಸಾಲಿನ ಫಲಕವಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಎರಡು ಸಾಲುಗಳಲ್ಲಿ ಪಕ್ಕಕ್ಕೂ ಕೆಳಕ್ಕೂ ಹೀಗೆ ಚುಚ್ಚಿಕೊಂಡ ಬೋರ್ಡನ್ನು ಬಿಚ್ಚುವುದು ಹೇಗೆ? ಪಕ್ಕಕ್ಕೆ ಎಳೆಯಲು ಕೆಳಗಿನ ಪಿನ್ನು ಬಿಡುವುದಿಲ್ಲ, ಮೇಲಕ್ಕೆ ಎಳೆಯಲು ಪಕ್ಕದ ಪಿನ್ನು ಬಿಡುವುದಿಲ್ಲ. ನಡುವಿನದೊಂದು ಕೆಟ್ಟರೆ ಇಡೀ ಫಲಕವನ್ನು ಕಳಚಬೇಕು. ಇದರ ಜೊತೆಗೆ ಬೋರ್ಡ್ ಕತ್ತರಿಸುವಾಗ ಅಂಚಿನಲ್ಲಿ ಸುಮಾರು 0.2 ಮಿ.ಮೀ. ಹೆಚ್ಚುಕಡಿಮೆ ಬರುವುದು ಸಹಜ, ಅದು ನಾಲ್ಕು ಬೋರ್ಡ್‌ಗಳಲ್ಲಿ ಕೂಡುತ್ತಾ ಹೋಗಿ ಕೊನೆಯ ಪಿನ್‌ಗಳ ಬೆಸುಗೆಯ ಮೇಲೆ ಎಳೆತವಾಗಿ ಕೂರುತ್ತದೆ. ಬೋರ್ಡನ್ನು 80 ಮಿ.ಮೀ. ಬದಲು 79.7ಕ್ಕೆ ಚಿತ್ರಿಸಿ, ನಾಲ್ಕೂ ಮೂಲೆಗೆ ಎಂ3 ಸ್ಟಾಂಡ್‌ಆಫ್ (3 ಮಿ.ಮೀ. ಸ್ಕ್ರೂ ಕೂರುವ ಚಿಕ್ಕ ಕಾಲು) ಕೊಟ್ಟು ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿಯಿರಿ. ಭಾರವನ್ನು ಚೌಕಟ್ಟು ಹೊರಲಿ, ಕನೆಕ್ಟರ್‌ಗಳೆಲ್ಲ ಬೆನ್ನಿನ ಕಡೆಗಿರಲಿ, ಡೇಟಾದವು ಗೇಣುದ್ದಕ್ಕಿಂತ ಚಿಕ್ಕ ತಂತಿಗಳಿಂದ ಕೂಡಲಿ. ಆಗ ಎಲ್‌ಇಡಿಗಳ 10 ಮಿ.ಮೀ. ಅಂತರ ಬೋರ್ಡಿನ ಅಂಚಿನಲ್ಲಿಯೂ ಕೆಡುವುದಿಲ್ಲ.

ಆಯಸ್ಕಾಂತದೊಂದಿಗೆ ಬರುವ ಸ್ಪ್ರಿಂಗ್ ಪಿನ್‌ಗಳು ಮತ್ತು ಮೊಬೈಲಿನೊಳಗೆ ಇರುವಂಥ ಅರ್ಧ ಮಿ.ಮೀ. ಅಂತರದ ಕನೆಕ್ಟರ್‌ಗಳು ನಿಮ್ಮ ಕೆಲಸಕ್ಕೆ ಬೇಡ. ಮೊದಲನೆಯದಕ್ಕೆ ಧೂಳು ಶತ್ರು, ಎರಡನೆಯದನ್ನು ಕೈಯಲ್ಲಿ ಬೆಸೆಯುವುದು ಕಷ್ಟ.

ಲೇಪದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಚಿನ್ನದ ಲೇಪದ ಪಿನ್ನಿಗೆ ತವರದ ಲೇಪದ ಸಾಕೆಟ್ ಕೂಡಿಸಬೇಡಿ. ಅಲುಗಾಟದಿಂದ ತವರ ಸವೆದು, ಸವೆದ ಪುಡಿ ಆಕ್ಸೈಡ್ ಆಗಿ ಗಟ್ಟಿಯಾದ ಚಿನ್ನದ ಮೇಲೆ ಅಂಟಿಕೊಂಡು ಸಂಪರ್ಕವನ್ನು ತಡೆಯುತ್ತದೆ. ಕರಾವಳಿಯ ತೇವ ಮತ್ತು ಉಪ್ಪಿನ ಗಾಳಿಯಲ್ಲಿ ಇದು ಇನ್ನಷ್ಟು ಬೇಗ. ಎರಡೂ ಬದಿಗೆ ತವರವೇ ಇದ್ದರೆ ಸಾಕು, ಆದರೆ ಅಂಥವು ಮೂವತ್ತರ ಆಸುಪಾಸು ಸಲ ಬಿಚ್ಚಿ ಹಾಕುವುದಕ್ಕೆ ತಯಾರಾದವು. ಆದ್ದರಿಂದ ಪ್ರತಿ ಆಟಕ್ಕೂ ಎಂಟು ಬೋರ್ಡ್‌ಗಳನ್ನು ಬಿಡಿಸಿ ಒಯ್ಯದೆ ಚೌಕಟ್ಟನ್ನು ಇಡಿಯಾಗಿ ಒಯ್ಯಿರಿ, ಎಸ್‌ಎಂಪಿಎಸ್ ಪೆಟ್ಟಿಗೆಯಿಂದ ಫಲಕಕ್ಕೆ ಬರುವ ಒಂದೇ ಜಾಗದಲ್ಲಿ ದಿನವೂ ಬಿಚ್ಚುವಂಥ ಎಕ್ಸ್‌ಟಿ60 ಎಂಬ ದಪ್ಪ ಪಿನ್ನಿನ ಕನೆಕ್ಟರ್ ಹಾಕಿ.

ಎಲ್ಲ ಕೂಡಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಫ್ಯಾನಿನ ಗಾಳಿ ತಾಗದಂತೆ ಇಟ್ಟು, ಫಲಕವನ್ನು ಪೂರ್ತಿ ಬಿಳಿಯಾಗಿ ಅರ್ಧ ಗಂಟೆ ಉರಿಸಿ, ಮಲ್ಟಿಮೀಟರನ್ನು ಮಿಲಿವೋಲ್ಟಿಗಿಟ್ಟು ಪ್ರತಿ ವಿಎಚ್ ಕನೆಕ್ಟರಿನ ತಂತಿಯ ಬದಿಗೂ ಬೋರ್ಡಿನ ಬದಿಗೂ ನಡುವೆ ಅಳೆಯಿರಿ. 40 ಮಿಲಿವೋಲ್ಟಿನ ಆಸುಪಾಸಿನಲ್ಲಿದ್ದರೆ ಆ ಸಂಪರ್ಕದ ರೋಧ 10 ಮಿಲಿಓಮ್ ಎಂದರ್ಥ, ಅದು ಚೆನ್ನಾಗಿದೆ. ಒಂದು ಕನೆಕ್ಟರ್ ಮಾತ್ರ ಉಳಿದವುಗಳಿಗಿಂತ ಎರಡು ಪಟ್ಟು ತೋರಿಸಿದರೆ ಅದರ ಕ್ರಿಂಪನ್ನು ಕತ್ತರಿಸಿ ಹೊಸದಾಗಿ ಹಾಕಿ, ಮತ್ತೆ ಅಳೆಯಿರಿ.