ಮೊಮ್ಮಗನ ಮೈನಸ್ 6 ನೋಡಿ ಬೇಜಾರು ಮಾಡ್ಕೋಬೇಡಿ

ನೀವು ಕೇಳಿದ್ದು ಇಷ್ಟು: ಮೊಮ್ಮಗ ಕೆನಡಾದಲ್ಲಿ ಐಸ್ ಹಾಕಿ ಆಡುತ್ತಾನೆ. ಮಗಳು ಕಳಿಸಿದ ಪಟ್ಟಿಯಲ್ಲಿ ಗೋಲು 2, ಅಸಿಸ್ಟ್ 9, ಪಾಯಿಂಟ್ 11, ಪ್ಲಸ್-ಮೈನಸ್ -6 ಅಂತಿದೆ. ಹುಡುಗ ಚೆನ್ನಾಗಿ ಆಡುತ್ತಿದ್ದಾನಾ, ಇಲ್ವಾ?

ನಾನು ಕಾಸರಗೋಡಿನವನು. ಉಪ್ಪಳ, ಕುಂಬಳೆ ಕಡೆಯ ಕಬಡ್ಡಿ ಪಂದ್ಯಗಳಲ್ಲಿ ಸ್ಕೋರ್ ಬರೆಯುತ್ತೇನೆ. ತಮ್ಮ ಎಡ್ಮಂಟನ್‌ನಲ್ಲಿದ್ದಾನೆ. ಚಳಿಗಾಲದಲ್ಲಿ ಅಲ್ಲಿ ಸಂಜೆ ಏಳರ ಆಟ ಅಂದ್ರೆ ನಮಗೆ ಬೆಳಿಗ್ಗೆ ಏಳೂವರೆ. ಅವನ ಜೊತೆ ನೋಡಿ ನೋಡಿ ಈ ಲೆಕ್ಕ ಕಲಿತೆ.

ಮೊದಲು ಆ 9 ಅಸಿಸ್ಟ್. ಗೋಲು ಹೊಡೆದವನಿಗೆ ಒಂದು ಪಾಯಿಂಟ್. ಅವನಿಗೆ ಪಕ್ (ಚೆಂಡಿನ ಬದಲು ಆಡುವ ಚಪ್ಪಟೆ ರಬ್ಬರ್ ಬಿಲ್ಲೆ) ದಾಟಿಸಿಕೊಟ್ಟವರಲ್ಲಿ ಕೊನೆಯ ಇಬ್ಬರವರೆಗೆ ಅಸಿಸ್ಟ್, ಅದಕ್ಕೂ ಒಂದೊಂದು ಪಾಯಿಂಟ್. ಇದನ್ನು ಸಣ್ಣದು ಅಂದುಕೊಳ್ಳಬೇಡಿ. ಹಾಕಿಯ ದಂತಕಥೆ ವೇಯ್ನ್ ಗ್ರೆಟ್ಸ್ಕಿ ಎನ್‌ಎಚ್‌ಎಲ್‌ನಲ್ಲಿ (ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ಹೊಡೆದ 894 ಗೋಲುಗಳ ದಾಖಲೆಯನ್ನು ರಷ್ಯಾದ ಆಟಗಾರ ಒವೆಚ್ಕಿನ್ 2025ರಲ್ಲಿ ದಾಟಿದರು. ಆದರೆ ಗ್ರೆಟ್ಸ್ಕಿಯ 1963 ಅಸಿಸ್ಟ್ ಹಾಗೇ ಇದೆ. ಅವರ ಗೋಲುಗಳನ್ನೆಲ್ಲ ತೆಗೆದುಹಾಕಿದರೂ ಪಾಯಿಂಟಿನಲ್ಲಿ ಅವರೇ ಮೊದಲು!

ಈಗ ಮೈನಸ್. ಹುಡುಗ ಐಸ್ ಮೇಲಿದ್ದಾಗ ಅವನ ತಂಡ ಗೋಲು ಹೊಡೆದರೆ ಪ್ಲಸ್ ಒಂದು, ಎದುರಿನವರು ಹೊಡೆದರೆ ಮೈನಸ್ ಒಂದು. ಅವನು ಪಕ್ ಮುಟ್ಟಿರಬೇಕು ಅಂತಿಲ್ಲ. ಅಲ್ಲಿದ್ದರೆ ಸಾಕು.

ಇನ್ನೂ ಒಂದು ವಿಷಯವಿದೆ. ಎದುರಾಳಿಯೊಬ್ಬ ತಪ್ಪು ಮಾಡಿ ಎರಡು ನಿಮಿಷ ಹೊರಗೆ ಕೂತಿರುತ್ತಾನೆ. ಆಗ ಹೊಡೆದ ಗೋಲಿಗೆ ಪಾಯಿಂಟ್ ಉಂಟು, ಪ್ಲಸ್ ಇಲ್ಲ. ಅದೇ ಹೊತ್ತಲ್ಲಿ ಕಡಿಮೆ ಜನರಿರುವ ಎದುರು ತಂಡವೇ ಗೋಲು ಹೊಡೆದರೆ ಮೈನಸ್ ಮಾತ್ರ ಬೀಳುತ್ತದೆ. ಸೋಲುವ ಹೊತ್ತಿಗೆ ಕೋಚ್ ಗೋಲಿಯನ್ನು (ಗೋಲು ಕಾಯುವವನನ್ನು) ಹೊರಗೆ ಕರೆದು, ಅವನ ಬದಲು ಇನ್ನೊಬ್ಬನನ್ನು ಸೇರಿಸಿ ಒಳ್ಳೆ ಆಟಗಾರರನ್ನೇ ಇಳಿಸುತ್ತಾರೆ. ಕಾಯುವವರಿಲ್ಲದ ಗೋಲಿನ ಬಲೆಯೊಳಗೆ ಪಕ್ ಹೋದರೆ ಮೈನಸ್ ಆ ಮಕ್ಕಳಿಗೇ. ನಂಬಿಕೆ ಇಟ್ಟು ಇಳಿಸಿದ ಹುಡುಗನಿಗೇ ಮೈನಸ್ ಬರುವುದು ಹೀಗೆ. ಇದು ಎನ್‌ಎಚ್‌ಎಲ್ ಲೆಕ್ಕ. ಅವನ ಲೀಗಲ್ಲೂ ಹೀಗೇನಾ ಅಂತ ಮಗಳ ಹತ್ತಿರ ಕೇಳಿಸಿ.

ನನಗೆ ಈ ವಿಷಯ ಮನಸ್ಸಿಗೆ ಹತ್ತಿರ. ಒಂದು ವರ್ಷ ನಮ್ಮೂರ ಪಂದ್ಯದಲ್ಲಿ ಒಬ್ಬ ಹುಡುಗ ಪ್ರತಿ ಸಲ ರೈಡರ್‌ನನ್ನು ಮೂಲೆಗೆ ತಳ್ಳಿಕೊಂಡು ಹೋಗುತ್ತಿದ್ದ. ಮೂಲೆಯಲ್ಲಿದ್ದವನು ಕಾಲು ಹಿಡಿಯುತ್ತಿದ್ದ. ಉತ್ತಮ ಹಿಡಿತಗಾರ ಪ್ರಶಸ್ತಿ ಮೂಲೆಯವನಿಗೆ ಹೋಯಿತು. ನನ್ನ ಹಾಳೆಯಲ್ಲಿ ತಳ್ಳಿದವನ ಹೆಸರಿನ ಮುಂದೆ ಸೊನ್ನೆ. ಅವನ ಮುಖ ಇವತ್ತಿಗೂ ನೆನಪಿದೆ.

ಹಾಗಾಗಿ ನೀವೇ ಒಂದು ಕೆಲಸ ಮಾಡಿ. ಮಗಳಿಂದ ಪೂರ್ತಿ ಪಂದ್ಯದ ವಿಡಿಯೋ ತರಿಸಿ. ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಮೊಮ್ಮಗ ಐಸ್ ಮೇಲಿದ್ದಾಗ ಅವನ ತಂಡ ಗೋಲಿನ ಕಡೆ ಹೊಡೆದ ಪ್ರತಿ ಹೊಡೆತಕ್ಕೂ ಎಡಗಡೆ ಗೆರೆ ಹಾಕಿ. ಎದುರಿನವರು ಹೊಡೆದರೆ ಬಲಗಡೆ. ಆಚೆ ಹೋದದ್ದು, ನಡುವೆ ಯಾರೋ ತಡೆದದ್ದು, ಎಲ್ಲ ಲೆಕ್ಕಕ್ಕೆ ಬೇಕು. ಇದಕ್ಕೆ ಕೋರ್ಸಿ ಅನ್ನುತ್ತಾರೆ. ಎನ್‌ಎಚ್‌ಎಲ್‌ನ ಬಫಲೋ ತಂಡದ ಗೋಲಿ ಕೋಚ್ ಆಗಿದ್ದ ಜಿಮ್ ಕೋರ್ಸಿ ಹೆಸರು ಅದು. ಗೋಲು ಬೀಳುವುದು ಅಪರೂಪ, ಹೊಡೆತ ಜಾಸ್ತಿ. ಅದಕ್ಕೇ ಇದರಲ್ಲಿ ಅದೃಷ್ಟದ ಪಾಲು ಕಡಿಮೆ.

ನಾಲ್ಕೈದು ಪಂದ್ಯ ಹೀಗೆ ಬರೆಯಿರಿ. ಎಡಗಡೆ ಗೆರೆ ಜಾಸ್ತಿ ಇದ್ದರೆ ಆ −6 ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬಲಗಡೆ ಜಾಸ್ತಿ ಇದ್ದರೆ, ಅವನ ಜೊತೆ ಇಳಿಯುವ ಮಕ್ಕಳ ಪ್ಲಸ್-ಮೈನಸ್ ಎಷ್ಟಿದೆ ಅಂತ ತರಿಸಿ ಇಲ್ಲೇ ಹಾಕಿ, ಒಟ್ಟಿಗೆ ಕೂತು ನೋಡೋಣ.